ಆಬರ್ನ್‌ನ ಹದಿನಾಲ್ಕು ಪಂದ್ಯಗಳು

2012ರ ಆಗಸ್ಟ್‌ನಲ್ಲಿ ನಾನು ಎಂ.ಎಸ್. ಓದಲು ಅಲಬಾಮಾದ ಆಬರ್ನ್‌ಗೆ ಬಂದಿಳಿದಾಗ ಅಲ್ಲಿನ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್ಬಾಲ್ ತಂಡದ ಗ್ರಹಚಾರ ಕೆಟ್ಟಿತ್ತು. ಎರಡೇ ವರ್ಷದ ಹಿಂದೆ, 2010ರಲ್ಲಿ, ಇದೇ ತಂಡ ರಾಷ್ಟ್ರೀಯ ಚಾಂಪಿಯನ್. ನಾನು ಬಂದ ವರ್ಷ ನೋಡಿದರೆ ಹನ್ನೆರಡು ಪಂದ್ಯದಲ್ಲಿ ಮೂರು ಗೆಲುವು, ಒಂಬತ್ತು ಸೋಲು. ಎಸ್‌ಇಸಿ ಅಂತ ಕರೆಯುವ ಆಗ್ನೇಯ ರಾಜ್ಯಗಳ ಲೀಗಿನಲ್ಲಿ ಆಡಿದ ಎಂಟಕ್ಕೆ ಎಂಟೂ ಸೋತಿತ್ತು. ಕೊನೆಯ ಪಂದ್ಯದಲ್ಲಿ ಬದ್ಧವೈರಿ ಅಲಬಾಮಾ ವಿಶ್ವವಿದ್ಯಾಲಯ 49–0 ಅಂತರದಲ್ಲಿ ಬಡಿದು ಕಳಿಸಿತು. ಮರುದಿನವೇ ಕೋಚ್ ಜೀನ್ ಚಿಜಿಕ್ ಅವರನ್ನು ಮನೆಗೆ ಕಳಿಸಿದರು. ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಮನುಷ್ಯನಿಗೆ ಎರಡು ವರ್ಷದ ಗಡುವು ಅಷ್ಟೇ. ಅಂದೇ ನನಗೆ ಈ ಆಟದ ಬಗ್ಗೆ ಸ್ವಲ್ಪ ಕುತೂಹಲ ಹುಟ್ಟಿದ್ದು, ಆಟಕ್ಕಿಂತ ಹೆಚ್ಚಾಗಿ ಅದರ ಹಿಂದಿನ ಜನರ ಹುಚ್ಚಿನ ಬಗ್ಗೆ.

ಆಬರ್ನ್ ಅಟ್ಲಾಂಟಾದಿಂದ ಕಾರಿನಲ್ಲಿ ಎರಡು ಗಂಟೆ ದೂರದ ಸಣ್ಣ ಊರು. ಆಗ ಅಲ್ಲಿ ಐವತ್ತು ಸಾವಿರ ಚಿಲ್ಲರೆ ಜನ. ಊರಿನ ನಡುವೆ ಜೋರ್ಡನ್–ಹೇರ್ ಸ್ಟೇಡಿಯಂ, ಅದರಲ್ಲಿ ಆಗ 87,451 ಆಸನ. ಇಡೀ ಊರನ್ನು ಕೂರಿಸಿದರೂ ಸ್ಟೇಡಿಯಂ ತುಂಬುವುದಿಲ್ಲ. ಆದರೆ ಪಂದ್ಯದ ಶನಿವಾರ ತುಂಬುತ್ತದೆ. ಗುರುವಾರದಿಂದಲೇ ಬಸ್ಸಿನಷ್ಟು ಉದ್ದದ ಕ್ಯಾಂಪರ್ ವಾಹನಗಳು ಬಂದು ಖಾಲಿ ಜಾಗದಲ್ಲೆಲ್ಲ ಠಿಕಾಣಿ ಹೂಡುತ್ತವೆ. ಶುಕ್ರವಾರ ಮಧ್ಯಾಹ್ನವಾದರೆ ಕ್ಯಾಂಪಸ್ಸಿನ ಪಾರ್ಕಿಂಗ್‌ನಿಂದ ನಿಮ್ಮ ಕಾರು ತೆಗೆಯಿರಿ ಎಂದು ಮೇಲ್ ಬರುತ್ತದೆ. ಸಂಶೋಧನೆ, ಪ್ರಯೋಗ, ಡೆಡ್‌ಲೈನ್ ಯಾವುದೂ ಅದರ ಮುಂದೆ ನಡೆಯುವುದಿಲ್ಲ. ಮೊದಲ ವರ್ಷ ನನಗೆ ಇದೆಲ್ಲ ರೇಜಿಗೆ ಎನಿಸಿತ್ತು. ಲ್ಯಾಬಿಗೆ ನಡೆದುಕೊಂಡು ಹೋದರೂ ಕಿತ್ತಳೆ ಅಂಗಿಯವರ ನಡುವೆ ದಾರಿ ಮಾಡಿಕೊಳ್ಳಬೇಕಿತ್ತು.

2013ರಲ್ಲಿ ಗಸ್ ಮಾಲ್ಜಾನ್ ಕೋಚ್ ಆಗಿ ಬಂದರು. 2010ರ ಗೆಲುವಿನ ವರ್ಷ ಇದೇ ತಂಡದ ದಾಳಿ ವಿಭಾಗ ನೋಡಿಕೊಂಡಿದ್ದವರು. ಅವರ ಸಂಬಳ ವರ್ಷಕ್ಕೆ ಎರಡು ಮಿಲಿಯನ್ ಡಾಲರ್‌ಗೂ ಮೇಲೆ. ಆಡುವ ಹುಡುಗರಿಗೆ ಫೀಸು, ಹಾಸ್ಟೆಲ್ಲು, ಊಟ ಬಿಟ್ಟರೆ ಬಿಡಿಗಾಸಿಲ್ಲ. ಆಗಿನ ನಿಯಮವೇ ಹಾಗಿತ್ತು. 2021ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ದುಡಿಯಬಹುದು. ಅದಕ್ಕೆ ಮೊದಲು ಎಂಬತ್ತೇಳು ಸಾವಿರ ಟಿಕೆಟ್ಟಿನ ಹಣ ಯಾರ ಜೇಬಿಗೆ ಹೋಗುತ್ತಿತ್ತು ಎಂದು ಲ್ಯಾಬಿನಲ್ಲಿ ಕೇಳಿದರೆ ಯಾರಿಗೂ ಆ ಮಾತು ಬೇಕಿರಲಿಲ್ಲ. ನನಗೆ ಈಗಲೂ ಅದು ಶುದ್ಧ ಅನ್ಯಾಯವೆಂದೇ ಕಾಣುತ್ತದೆ.

ನನ್ನನ್ನು ಈ ಆಟಕ್ಕೆ ಎಳೆದದ್ದು ಪಕ್ಕದ ಮೇಜಿನ ಲ್ಯಾಬ್‌ಮೇಟ್. ಅಲಬಾಮಾದ ಹಳ್ಳಿಯವನು, ಅವರಪ್ಪ, ತಾತ ಎಲ್ಲ ಆಬರ್ನ್ ಮಂದಿ. ಅವನು ವೈಟ್‌ಬೋರ್ಡಿನ ಮೇಲೆ ನನ್ನ ಸಮೀಕರಣಗಳನ್ನು ಅಳಿಸಿ ಹನ್ನೊಂದು ಗುಂಡುಸುತ್ತು, ಹನ್ನೊಂದು ಗುಣಾಕಾರದ ಗುರುತು ಹಾಕಿ ಪಾಠ ಶುರುಮಾಡಿದ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಸಿಗುತ್ತವೆ, ಇಲ್ಲವಾದರೆ ಚೆಂಡು ಎದುರಾಳಿಗೆ. ನಾಲ್ಕೇ ಎಸೆತದ ಓವರ್, ಹತ್ತು ರನ್ ಬಂದರೆ ಇನ್ನೊಂದು ಓವರ್ ಸಿಗುತ್ತದೆ ಎಂದುಕೊಂಡು ನಾನು ಸಮಾಧಾನಪಟ್ಟೆ. ಚೆಂಡನ್ನು ಹೊತ್ತು ಓಡಬಹುದು ಅಥವಾ ಮುಂದಕ್ಕೆ ಎಸೆಯಬಹುದು. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ, ಆಮೇಲೆ ಒದ್ದು ಕಂಬದ ಮಧ್ಯೆ ಹಾಕಿದರೆ ಇನ್ನೊಂದು. ದೂರದಿಂದಲೇ ಒದ್ದು ಕಂಬದ ಮಧ್ಯೆ ಕಳಿಸಿದರೆ ಮೂರು. ಇಷ್ಟು ಗೊತ್ತಿದ್ದರೆ ಪಂದ್ಯ ನೋಡಬಹುದು. ಉಳಿದ ನಿಯಮಗಳು ರೆಫರಿಗಳಿಗೇ ಪೂರ್ತಿ ಗೊತ್ತಿರುವ ಹಾಗೆ ಕಾಣುವುದಿಲ್ಲ.

ಆಮೇಲೆ ಅವನು ಆಬರ್ನ್‌ನ ಮುಖ್ಯ ಪಟ್ಟು ಬಿಡಿಸಿ ತೋರಿಸಿದ. ದಾಳಿ ನಡೆಸುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ನಿಕ್ ಮಾರ್ಷಲ್ ಚೆಂಡು ಹಿಡಿದು, ಪಕ್ಕದಲ್ಲಿ ಓಡಿಬರುವ ಟ್ರೇ ಮೇಸನ್‌ನ ಹೊಟ್ಟೆಗೆ ಅದನ್ನು ಒತ್ತಿ ಹಿಡಿಯುತ್ತಾನೆ. ಕೊಟ್ಟಿರುವುದಿಲ್ಲ, ಕಸಿದಿರುವುದೂ ಇಲ್ಲ. ಅಂಚಿನಲ್ಲಿರುವ ಎದುರಾಳಿಯೊಬ್ಬನನ್ನು ಬೇಕೆಂದೇ ಯಾರೂ ತಡೆಯದೆ ಬಿಟ್ಟಿರುತ್ತಾರೆ. ಮಾರ್ಷಲ್‌ನ ಕಣ್ಣು ಅವನ ಮೇಲೆ. ಅವನು ಮೇಸನ್ ಕಡೆ ನುಗ್ಗಿದರೆ ಮಾರ್ಷಲ್ ಚೆಂಡನ್ನು ಎಳೆದುಕೊಂಡು ತಾನೇ ಅಂಚಿನಿಂದ ಓಡುತ್ತಾನೆ. ಅವನು ಮಾರ್ಷಲ್‌ಗಾಗಿ ಕಾದರೆ ಚೆಂಡು ಮೇಸನ್‌ನ ಪಾಲು. ಆ ಒಬ್ಬ ಎದುರಾಳಿ ಏನು ಮಾಡಿದರೂ ತಪ್ಪೇ. ಇದನ್ನು ಅರ್ಥ ಮಾಡಿಕೊಂಡ ಮೇಲೆ ನಾನು ಚೆಂಡು ನೋಡುವುದನ್ನೇ ಬಿಟ್ಟೆ. ಪ್ರತಿ ಸಲ ಆ ತಡೆಯದೆ ಬಿಟ್ಟವನು ಯಾರೆಂದು ಹುಡುಕುತ್ತಿದ್ದೆ. ಸ್ಟೇಡಿಯಂನ ಮೇಲಿನ ಸಾಲಿನಿಂದ ಅದು ಟಿವಿಗಿಂತ ಚೆನ್ನಾಗಿ ಕಾಣುತ್ತದೆ.

ಮೊದಲೆರಡು ಪಂದ್ಯ, ವಾಷಿಂಗ್ಟನ್ ಸ್ಟೇಟ್ ಮತ್ತು ಅರ್ಕನ್ಸಾ ಸ್ಟೇಟ್ ಮೇಲೆ, ಗೆದ್ದರು. ಮೂರನೆಯದು ಮಿಸಿಸಿಪ್ಪಿ ಸ್ಟೇಟ್. ಸೆಪ್ಟೆಂಬರಿನ ಸೆಕೆ, ರಾತ್ರಿ ಪಂದ್ಯ, ಅಂಗಿ ಮೈಗಂಟಿತ್ತು. ಕೊನೆಯಲ್ಲಿ ಮೂರು ಅಂಕ ಹಿಂದೆ, ಎರಡು ನಿಮಿಷವೂ ಇಲ್ಲ, ದಾಟಬೇಕಾದ್ದು 88 ಗಜ. ಹತ್ತು ಸೆಕೆಂಡು ಉಳಿದಿದ್ದಾಗ ಮಾರ್ಷಲ್ ಎಸೆದ ಚೆಂಡನ್ನು ಸಿ.ಜೆ. ಉಜೋಮಾ ಹಿಡಿದ. 24–20. ವರ್ಷದ ಮೇಲಾಗಿತ್ತು ಲೀಗಿನಲ್ಲಿ ಒಂದು ಪಂದ್ಯ ಗೆದ್ದು. ಪಕ್ಕದಲ್ಲಿದ್ದ ಅಪರಿಚಿತ ಅಜ್ಜಿಯೊಬ್ಬರು ನನ್ನ ತೋಳು ಹಿಡಿದು ಅಲ್ಲಾಡಿಸಿದರು.

ಆ ಗೆಲುವಿನ ನಂತರ ಜನ ಸೇರುವುದು ಟೂಮರ್ಸ್ ಕಾರ್ನರ್‌ನಲ್ಲಿ. ಊರು ಮತ್ತು ಕ್ಯಾಂಪಸ್ ಸೇರುವ ಮೂಲೆ ಅದು, ಎದುರಿಗೆ ನಿಂಬೆ ಶರಬತ್ತಿಗೆ ಹೆಸರಾದ ಹಳೆಯ ಅಂಗಡಿ. ಅಲ್ಲಿದ್ದ ಎರಡು ದೊಡ್ಡ ಓಕ್ ಮರಗಳ ಮೇಲೆ ಟಾಯ್ಲೆಟ್ ಪೇಪರಿನ ಸುರುಳಿ ಎಸೆದು ಮರವೆಲ್ಲ ಬೆಳ್ಳಗೆ ಮಾಡುವುದು ಗೆಲುವಿನ ಆಚರಣೆ. ನಾನು ಓಕ್ ಮರಗಳನ್ನು ನೋಡಿದ್ದು ಸಾಯುತ್ತಿರುವ ಸ್ಥಿತಿಯಲ್ಲಿ. 2010ರಲ್ಲಿ ಆಬರ್ನ್ ಗೆದ್ದ ಹೊಟ್ಟೆಕಿಚ್ಚಿಗೆ ಅಲಬಾಮಾ ಅಭಿಮಾನಿಯೊಬ್ಬ ಬುಡಕ್ಕೆ ಕಳೆನಾಶಕ ಸುರಿದು, ರೇಡಿಯೋ ಕಾರ್ಯಕ್ರಮಕ್ಕೆ ಫೋನ್ ಮಾಡಿ ತಾನೇ ಅದನ್ನು ಹೇಳಿಕೊಂಡಿದ್ದ. ಅವನಿಗೆ ಜೈಲಾಯಿತು. ಮರ ಉಳಿಯಲಿಲ್ಲ, 2013ರ ಏಪ್ರಿಲ್‌ನಲ್ಲಿ ಕಡಿದರು. ಆ ಸೀಸನ್ನಿಗೆ ಮೂಲೆಯಲ್ಲಿ ತಂತಿ ಎಳೆದು ಕಟ್ಟಿದ್ದರು, ಜನ ಅದರ ಮೇಲೆಯೇ ಸುರುಳಿ ಎಸೆದರು. ಆಟಕ್ಕಾಗಿ ಮರಕ್ಕೆ ವಿಷ ಹಾಕುವವನ ಮನಸ್ಸು ಎಂಥದ್ದೆಂದು ನನ್ನ ಲ್ಯಾಬ್‌ಮೇಟ್‌ನನ್ನು ಕೇಳಿದೆ. ‘ನಿನಗಿನ್ನೂ ಐರನ್ ಬೌಲ್ ಗೊತ್ತಿಲ್ಲ’ ಎಂದ. ಆಬರ್ನ್ ಮತ್ತು ಅಲಬಾಮಾ ನಡುವೆ ವರ್ಷಕ್ಕೊಮ್ಮೆ ನಡೆಯುವ ಪಂದ್ಯಕ್ಕೆ ಆ ಹೆಸರು.

ಮುಂದಿನ ಶನಿವಾರ ಬ್ಯಾಟನ್ ರೂಜ್‌ನಲ್ಲಿ, ಮಳೆಯಲ್ಲಿ, ಎಲ್‌ಎಸ್‌ಯು, ಅಂದರೆ ಲೂಸಿಯಾನಾ ಸ್ಟೇಟ್ ವಿರುದ್ಧ 35–21 ಸೋಲು. ಅದನ್ನು ಟಿವಿಯಲ್ಲಿ ನೋಡಿದೆವು. ಶುರುವಿಗೇ 21–0 ಹಿಂದೆ ಬಿದ್ದದ್ದರಿಂದ ನಮ್ಮ ಮನೆಯ ಕನ್ನಡ ಹುಡುಗರು ಚಾನೆಲ್ ಬದಲಿಸಿ ಎಂದರು. ಆದರೆ ದ್ವಿತೀಯಾರ್ಧದಲ್ಲಿ ತಂಡ ಆಡಿದ ರೀತಿ ಬೇರೆ ಇತ್ತು, ಓಟ ಹತ್ತಿತ್ತು. ಅಲ್ಲಿಂದ ಜನವರಿಯವರೆಗೆ ಅವರು ಸೋಲಲೇ ಇಲ್ಲ.

ಓಲ್ ಮಿಸ್ ಅಂತ ಕರೆಯುವ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಮೇಲೆ ಗೆಲುವು. ಆಮೇಲೆ ಟೆಕ್ಸಸ್‌ಗೆ ಹೋಗಿ, ಹಿಂದಿನ ವರ್ಷ ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದಿದ್ದ ಜಾನಿ ಮಾನ್ಜೆಲ್ ಇದ್ದ ಟೆಕ್ಸಸ್ ಎ ಆ್ಯಂಡ್ ಎಂ ತಂಡವನ್ನು 45–41ರಿಂದ ಸೋಲಿಸಿ ಬಂದರು. ಆವತ್ತಿನಿಂದ ಊರಿನ ಜನರ ದನಿಯೇ ಬದಲಾಯಿತು. ಟೆನೆಸಿಯಲ್ಲಿ ಮಾರ್ಷಲ್ ಇಡೀ ಪಂದ್ಯದಲ್ಲಿ ಏಳು ಸಲ ಚೆಂಡು ಎಸೆದು ಮೂರು ಸಲ ಮುಟ್ಟಿಸಿದ, ಒಟ್ಟು 35 ಗಜ. ಓಡಿದ್ದು 214 ಗಜ. ಕ್ವಾರ್ಟರ್‌ಬ್ಯಾಕ್ ಎಂದರೆ ಎಸೆಯುವವನು ಎಂದು ಟಿವಿಯವರು ಹೇಳಿಕೊಟ್ಟಿದ್ದನ್ನೆಲ್ಲ ಈ ತಂಡ ತಲೆಕೆಳಗು ಮಾಡಿತ್ತು. ಪಂದ್ಯಕ್ಕೆ ಸರಾಸರಿ 328 ಗಜ ಓಟ, ಆ ವರ್ಷ ದೇಶದಲ್ಲೇ ಮೊದಲು.

ಶನಿವಾರದ ಊಟದ ಬಗ್ಗೆ ಒಂದು ಮಾತು. ಪಂದ್ಯಕ್ಕೆ ಮುಂಚೆ ಡೇರೆಗಳಲ್ಲಿ ಹಂದಿ ಮಾಂಸ, ಕೋಳಿ, ಸಾಸೇಜು ಸುಡುವ ಹೊಗೆ ಊರಿಗೆಲ್ಲ. ಸಸ್ಯಾಹಾರಿಗೆ ಅಲ್ಲಿ ಸಿಗುವುದು ಚಿಪ್ಸು ಮತ್ತು ಅನುಕಂಪ. ಆದರೆ ದಕ್ಷಿಣದ ಆ ರಾಜ್ಯಗಳಲ್ಲಿ ರಸ್ತೆ ಬದಿಯಲ್ಲಿ ದೊಡ್ಡ ಹಂಡೆಯಲ್ಲಿ ಉಪ್ಪು ಹಾಕಿ ಸಿಪ್ಪೆ ಸಮೇತ ಬೇಯಿಸಿದ ಕಡಲೆಕಾಯಿ ಮಾರುತ್ತಾರೆ. ಮೊದಲ ಸಲ ಬಾಯಿಗೆ ಹಾಕಿಕೊಂಡಾಗ ಬಸವನಗುಡಿ ಪರಿಷೆಯಲ್ಲೇ ನಿಂತ ಹಾಗಾಯಿತು. ನ್ಯೂಯಾರ್ಕ್ ಕಡೆಯಿಂದ ಬಂದ ಅಮೆರಿಕನ್ನರು ಅದನ್ನು ನೋಡಿ ಮುಖ ಸಿಂಡರಿಸುತ್ತಿದ್ದರೆ ನಾನು, ಲ್ಯಾಬ್‌ಮೇಟ್‌ನ ಅಪ್ಪ ಕೂತು ಒಂದು ಚೀಲ ಖಾಲಿ ಮಾಡುತ್ತಿದ್ದೆವು. ಅವರಿಗೂ ನನಗೂ ಆಟದ ಬಗ್ಗೆ ಮಾತು ಕಡಿಮೆ, ಕಡಲೆಕಾಯಿಯ ಬಗ್ಗೆಯೇ ಜಾಸ್ತಿ. ಎಷ್ಟು ಹೊತ್ತು ಬೇಯಬೇಕು, ಎಳೆಯದೋ ಬಲಿತದ್ದೋ ಎಂದು.

ನವೆಂಬರ್ 16, ಜಾರ್ಜಿಯಾ. ಆಬರ್ನ್ 37–17 ಮುಂದಿತ್ತು. ಜನ ಹಾಡು ಶುರುಮಾಡಿದ್ದರು. ನೋಡನೋಡುತ್ತ ಜಾರ್ಜಿಯಾ ಮೂರು ಸಲ ಗೆರೆ ದಾಟಿ 38–37 ಮಾಡಿತು. ನಾಲ್ಕನೇ ಪ್ರಯತ್ನ, ದಾಟಬೇಕಾದ್ದು ಹದಿನೆಂಟು ಗಜ, ನಿಮಿಷಕ್ಕೂ ಕಡಿಮೆ ಸಮಯ. ಮಾರ್ಷಲ್ ದೂರಕ್ಕೆ ಎಸೆದ. ಚೆಂಡು ಹೋದ ಜಾಗದಲ್ಲಿ ಜಾರ್ಜಿಯಾದವರಿಬ್ಬರಿದ್ದರು. ಒಬ್ಬರೇ ಇದ್ದಿದ್ದರೆ ಹಿಡಿಯುತ್ತಿದ್ದರೋ ಏನೋ, ಇಬ್ಬರೂ ಹಾರಿ, ಚೆಂಡು ಕೈಗೆ ತಾಗಿ ಮೇಲೆ ಚಿಮ್ಮಿತು. ಅವರ ಹಿಂದೆ ಓಡುತ್ತಿದ್ದ ರಿಕಾರ್ಡೊ ಲೂಯಿಸ್ ತಲೆ ತಿರುಗಿಸುವಷ್ಟರಲ್ಲಿ ಅದು ಅವನ ಭುಜದ ಮೇಲಿನಿಂದ ಕೈಗೆ ಬಂದು ಬಿತ್ತು. 73 ಗಜ. ಗಡಿಯಾರದಲ್ಲಿ 25 ಸೆಕೆಂಡು. ಮಾರ್ಷಲ್ ಮೊದಲು ಇದೇ ಜಾರ್ಜಿಯಾ ತಂಡದಲ್ಲಿದ್ದು, ಅಲ್ಲಿಂದ ಹೊರಹಾಕಿಸಿಕೊಂಡು, ಕನ್ಸಾಸ್‌ನ ಒಂದು ಕಮ್ಯುನಿಟಿ ಕಾಲೇಜಿನ ಮೂಲಕ ಆಬರ್ನ್‌ಗೆ ಬಂದವನು. ಕತೆಗಾರ ಹೀಗೆ ಬರೆದರೆ ಸಂಪಾದಕರು ವಾಪಸ್ ಕಳಿಸುತ್ತಾರೆ. ಸೋಮವಾರ ನಾನು ನಡೆಸುತ್ತಿದ್ದ ಪ್ರಯೋಗಶಾಲೆಯ ತರಗತಿಯಲ್ಲಿ ಅರ್ಧ ಹುಡುಗರಿಗೆ ದನಿಯೇ ಇರಲಿಲ್ಲ. ವೈವಾ ಮುಂದೂಡಿದೆ.

ಎರಡು ವಾರ ಬಿಟ್ಟು, ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ, ನವೆಂಬರ್ 30ರಂದು ಐರನ್ ಬೌಲ್. ಕಬ್ಬಿಣ, ಉಕ್ಕಿನ ಊರಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ದಶಕಗಳ ಕಾಲ ನಡೆಯುತ್ತಿದ್ದ ಪಂದ್ಯ ಇದು. 1989ರಲ್ಲಷ್ಟೇ ಮೊದಲ ಬಾರಿ ಆಬರ್ನ್‌ಗೆ ಬಂದದ್ದು. ಅಲಬಾಮಾ ರಾಜ್ಯದಲ್ಲಿ ವೃತ್ತಿಪರ ಲೀಗಿನ ದೊಡ್ಡ ತಂಡ ಯಾವುದೂ ಇಲ್ಲ, ಹಾಗಾಗಿ ಮದುವೆ, ನೆರೆಹೊರೆ, ಚರ್ಚು, ಕಚೇರಿ ಎಲ್ಲವೂ ಈ ಎರಡು ಕಾಲೇಜಿನ ನಡುವೆ ಹೋಳು. ಅಲಬಾಮಾ ಆಗ ದೇಶದ ನಂಬರ್ ಒಂದು, ಹಿಂದಿನ ಎರಡು ವರ್ಷದ ಚಾಂಪಿಯನ್, ಆ ವರ್ಷ ಒಂದೂ ಸೋತಿರಲಿಲ್ಲ. ಆಬರ್ನ್ ನಾಲ್ಕನೆಯದು.

ಪಂದ್ಯಕ್ಕೆ ಎರಡು ಗಂಟೆ ಮುಂಚೆ ಆಟಗಾರರು ಡೊನಾಹ್ಯೂ ರಸ್ತೆಯಲ್ಲಿ ಜನರ ನಡುವೆ ನಡೆದು ಬರುತ್ತಾರೆ. ಆವತ್ತು ನಾನು ಮೊದಲ ಸಲ ಅವರನ್ನು ಮೊಳದಂತರದಲ್ಲಿ ನೋಡಿದ್ದು. ಸೂಟು ತೊಟ್ಟು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಹತ್ತೊಂಬತ್ತು ಇಪ್ಪತ್ತರ ಹುಡುಗರು. ಕೆಲವರ ಮುಖದಲ್ಲಿ ಇನ್ನೂ ಮೊಡವೆ. ಪಂದ್ಯದ ಮುಂಚೆ ಹದ್ದೊಂದನ್ನು ಸ್ಟೇಡಿಯಂನ ಮೇಲಿನಿಂದ ಬಿಡುತ್ತಾರೆ. ಪಶುವೈದ್ಯಕೀಯ ಕಾಲೇಜಿನವರು ಸಾಕಿದ ಹದ್ದು. ಅದು ಎಂಬತ್ತು ಸಾವಿರ ಜನರ ತಲೆಯ ಮೇಲೆ ಸುತ್ತಿ ಮೈದಾನದ ನಡುವೆ ಇಳಿಯುವ ತನಕ ಜನ ‘ವಾ...ರ್’ ಎಂದು ಉಸಿರು ಹಿಡಿದು ಎಳೆಯುತ್ತಾರೆ, ಇಳಿದ ಮೇಲೆ ‘ಈಗಲ್, ಹೇ!’ ನಾನೂ ಎಳೆದೆ.

ಅಲಬಾಮಾ 21–7 ಮುಂದೆ ಹೋಯಿತು, ಆಬರ್ನ್ 21ಕ್ಕೆ ಸರಿಗಟ್ಟಿತು. ನಾಲ್ಕನೇ ಭಾಗದಲ್ಲಿ ಅಲಬಾಮಾದ ಎ.ಜೆ. ಮೆಕ್ಯಾರನ್ ತನ್ನದೇ ಒಂದು ಗಜದ ಗೆರೆಯಿಂದ ಅಮಾರಿ ಕೂಪರ್‌ಗೆ ಎಸೆದ ಚೆಂಡು 99 ಗಜ ಹೋಯಿತು. 28–21. ಅಷ್ಟರಲ್ಲಿ ಅಲಬಾಮಾದ ಒದೆಯುವವನು ಮೂರು ಸಲ ಕಂಬ ತಪ್ಪಿಸಿದ್ದ, ಅದರಲ್ಲಿ ಒಂದನ್ನು ಆಬರ್ನ್‌ನವರು ಕೈಯಿಂದಲೇ ತಡೆದಿದ್ದರು. ಇದು ಮುಂದಿನದಕ್ಕೆ ಮುಖ್ಯ.

ಮುಂದೆ ಆದದ್ದೇ ನನ್ನ ಪ್ರಕಾರ ಆ ಸೀಸನ್ನಿನ ಅತ್ಯುತ್ತಮ ಆಟ. ಅದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. 39 ಗಜದ ಗೆರೆಯಿಂದ ಮಾರ್ಷಲ್ ಎಂದಿನ ಹಾಗೆ ಚೆಂಡನ್ನು ಮೇಸನ್‌ನ ಹೊಟ್ಟೆಗೆ ಒತ್ತಿದ, ಎಳೆದುಕೊಂಡ, ಎಡಕ್ಕೆ ಓಡಿದ. ಆಬರ್ನ್‌ನ ಸ್ಯಾಮಿ ಕೋಟ್ಸ್‌ನನ್ನು ಕಾಯಬೇಕಿದ್ದ ಅಲಬಾಮಾದ ಹುಡುಗ ಅವನನ್ನು ಬಿಟ್ಟು ಮಾರ್ಷಲ್ ಕಡೆಗೆ ನುಗ್ಗಿದ. ಇಡೀ ವರ್ಷ ಓಡಿ ಓಡಿ ದಣಿಸಿದ ತಂಡದ ಮುಂದೆ ಯಾರಾದರೂ ಹಾಗೇ ಮಾಡುತ್ತಿದ್ದರು. ಆಟ ಶುರುವಾದ ಆ ಗೆರೆ ದಾಟುವ ಮುಂಚಿನ ಹೆಜ್ಜೆಯಲ್ಲಿ ಮಾರ್ಷಲ್ ನಿಂತು, ಮಣಿಕಟ್ಟಿನಿಂದ ಚೆಂಡನ್ನು ಚಿಮ್ಮಿಸಿದ. ಕೋಟ್ಸ್ ಸುತ್ತ ಯಾರೂ ಇಲ್ಲ. 28–28, ಉಳಿದದ್ದು 32 ಸೆಕೆಂಡು.

ಆಮೇಲಿನದು ಜಗತ್ತಿಗೇ ಗೊತ್ತು. ಅಲಬಾಮಾದ ಯೆಲ್ಡನ್ ಓಡಿ ಅಂಚು ದಾಟಿದಾಗ ಗಡಿಯಾರ ಸೊನ್ನೆ ತೋರಿಸುತ್ತಿತ್ತು. ಅವರ ಕೋಚ್ ನಿಕ್ ಸೇಬನ್ ಒಂದು ಸೆಕೆಂಡು ಉಳಿದಿದೆ ಎಂದು ಹಟ ಹಿಡಿದರು. ವಿಡಿಯೋ ನೋಡಿ ರೆಫರಿಗಳು ಒಂದು ಸೆಕೆಂಡು ವಾಪಸ್ ಕೊಟ್ಟರು. ನಮ್ಮ ಸಾಲಿನವರೆಲ್ಲ ಸೇಬನ್‌ಗೆ ಬೈಯ್ಯುತ್ತಿದ್ದರು. ಆ ಬೈಗುಳಗಳನ್ನು ಐದು ನಿಮಿಷದಲ್ಲಿ ಎಲ್ಲರೂ ಹಿಂದಕ್ಕೆ ಪಡೆದರು. ಮೊದಲಿನವನ ಮೇಲೆ ಭರವಸೆ ಹೋಗಿದ್ದರಿಂದ ಆ್ಯಡಂ ಗ್ರಿಫಿತ್ ಎಂಬ ಹೊಸಬ 57 ಗಜದಿಂದ ಒದೆಯಲು ಬಂದ. ಚೆಂಡು ಕಂಬದವರೆಗೆ ಮುಟ್ಟದೆ ಕೆಳಗಿಳಿದರೆ, ನೆಲಕ್ಕೆ ಬೀಳುವ ಮುಂಚೆ ಅದು ಇನ್ನೂ ಆಟದಲ್ಲಿರುತ್ತದೆ. ಹಿಡಿದವನು ಓಡಬಹುದು. ಅದಕ್ಕಾಗಿ ಆಬರ್ನ್ ಕ್ರಿಸ್ ಡೇವಿಸ್‌ನನ್ನು ಕಂಬದ ಕೆಳಗೇ ನಿಲ್ಲಿಸಿತ್ತು. ಒದೆತ ಕಾಯುವ ಅಲಬಾಮಾ ತಂಡದಲ್ಲಿದ್ದವರು ಬಹುಪಾಲು ಮುನ್ನೂರು ಪೌಂಡಿನ ದಢೂತಿಗಳು, ತಡೆಯಲು ಬಂದವರು, ಅಟ್ಟಿಸಿಕೊಂಡು ಓಡಲು ಬಂದವರಲ್ಲ.

ಡೇವಿಸ್ ತನ್ನ ಕಡೆಯ ಕೊನೆಯ ಗೆರೆಯಿಂದ ಒಂಬತ್ತು ಗಜ ಹಿಂದೆ ಚೆಂಡು ಹಿಡಿದ. ಸ್ವಲ್ಪ ನೇರ ಬಂದ, ಎಡಕ್ಕೆ ಹೊರಳಿದ. ಅಂಚಿನ ಗೆರೆಗೂ ಅವನ ಪಾದಕ್ಕೂ ಎಷ್ಟು ಜಾಗವಿತ್ತೋ. ನನ್ನ ಮುಂದಿನವರೆಲ್ಲ ಬೆಂಚಿನ ಮೇಲೆ ಹತ್ತಿದ್ದರು, ಅವರ ಕಾಲುಗಳ ಸಂದಿಯಲ್ಲಿ ನನಗೆ ಕಂಡದ್ದು ನೀಲಿ ಅಂಗಿಗಳ ಸಾಲು ಒಂದೇ ದಿಕ್ಕಿಗೆ ಓಡುತ್ತಿರುವುದು. ಅವನ ಹಿಂದೆ ಬಿಳಿ ಅಂಗಿಯವರು ಯಾರೂ ಇರಲಿಲ್ಲ. ಲೆಕ್ಕಕ್ಕೆ ದಾಖಲೆ ಪುಸ್ತಕದಲ್ಲಿ ನೂರು ಗಜ, ನಿಜಕ್ಕೆ 109. 34–28. ಮೈದಾನಕ್ಕೆ ಜನ ನುಗ್ಗಿದ್ದರಿಂದ ಆ ಒಂದು ಅಂಕದ ಒದೆತವನ್ನು ಯಾರೂ ತೆಗೆದುಕೊಳ್ಳಲೇ ಇಲ್ಲ. ಮೈದಾನದ ಅಂಚಿನ ಬೇಲಿಗಿಡ ತುಳಿದುಕೊಂಡು ನಾವೂ ಒಳಗೆ ಇಳಿದೆವು. ಲ್ಯಾಬ್‌ಮೇಟ್‌ನ ಅಪ್ಪ ಮಾತ್ರ ತಮ್ಮ ಜಾಗದಲ್ಲೇ ಕೂತು ಯಾರಿಗೋ ಫೋನ್ ಮಾಡುತ್ತಿದ್ದರು. ಅಲಬಾಮಾ ಕಡೆಯ ತಮ್ಮನಿಗೆ ಎಂದು ಆಮೇಲೆ ತಿಳಿಯಿತು. ಆ ಕಡೆಯಿಂದ ಫೋನ್ ಎತ್ತಲಿಲ್ಲವಂತೆ.

ವಾರದ ನಂತರ ಅಟ್ಲಾಂಟಾದಲ್ಲಿ ಲೀಗಿನ ಫೈನಲ್, ಎದುರಾಳಿ ಮಿಜೌರಿ. ಪವಾಡ ಹುಡುಕುವವರಿಗೆ ಅಲ್ಲಿ ಏನೂ ಸಿಗುವುದಿಲ್ಲ. ಆದರೆ ಆಬರ್ನ್ ಅಂದರೆ ಏನೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಪಂದ್ಯವನ್ನೇ. ಟ್ರೇ ಮೇಸನ್ 46 ಸಲ ಚೆಂಡು ಹೊತ್ತ, 304 ಗಜ, ನಾಲ್ಕು ಟಚ್‌ಡೌನ್. ತಂಡದ ಒಟ್ಟು ಓಟ 545 ಗಜ. 59–42. ಒಂದೇ ಪಟ್ಟು, ಮತ್ತೆ ಮತ್ತೆ. ಮಿಜೌರಿಗೆ ಗೊತ್ತಿತ್ತು, ಟಿವಿ ನೋಡುತ್ತ ಚಿತ್ರಾನ್ನ ತಿನ್ನುತ್ತಿದ್ದ ನಮಗೂ ಗೊತ್ತಿತ್ತು, ತಡೆಯಲು ಯಾರಿಗೂ ಆಗಲಿಲ್ಲ. ಅದೇ ರಾತ್ರಿ ಅಜೇಯವಾಗಿದ್ದ ಓಹಾಯೊ ಸ್ಟೇಟ್ ಮಿಷಿಗನ್ ಸ್ಟೇಟ್ ಎದುರು 34–24 ಸೋತಿತು. ರಾಷ್ಟ್ರೀಯ ಫೈನಲ್‌ಗೆ ಆಗೆಲ್ಲ ಎರಡೇ ತಂಡ, ಅದನ್ನು ಮತ ಮತ್ತು ಕಂಪ್ಯೂಟರ್ ಲೆಕ್ಕ ಸೇರಿಸಿ ಆರಿಸುತ್ತಿದ್ದರು. ಆ ಪದ್ಧತಿಯ ಕೊನೆಯ ವರ್ಷ ಅದು. ಆಬರ್ನ್‌ಗೆ ಜಾಗ ಸಿಕ್ಕಿತು.

2014ರ ಜನವರಿ 6, ಪಸದೇನಾದ ರೋಸ್ ಬೌಲ್ ಮೈದಾನ, ಎದುರಿಗೆ ಒಂದೂ ಸೋಲದ ಫ್ಲಾರಿಡಾ ಸ್ಟೇಟ್. ವಿಮಾನಕ್ಕೂ ಟಿಕೆಟ್ಟಿಗೂ ಸ್ಟೈಪೆಂಡಿನಲ್ಲಿ ದುಡ್ಡಿರಲಿಲ್ಲ, ಊರಲ್ಲೇ ಉಳಿದವರೆಲ್ಲ ಒಂದು ಮನೆಯಲ್ಲಿ ಸೇರಿದೆವು. ಆಬರ್ನ್ 21–3 ಮುಂದಿದ್ದಾಗ ಯಾರೋ ಟೂಮರ್ಸ್‌ಗೆ ಒಯ್ಯಲು ಟಾಯ್ಲೆಟ್ ಪೇಪರ್ ಎಣಿಸತೊಡಗಿದರು. ಫ್ಲಾರಿಡಾ ಮೆಲ್ಲಗೆ ಹತ್ತಿರ ಬಂತು, ಕೊನೆಯ ಭಾಗದಲ್ಲಿ ಆಬರ್ನ್ ಒದ್ದು ಕಳಿಸಿದ ಕಿಕಾಫ್ ಚೆಂಡನ್ನು ಹಿಡಿದು ನೂರು ಗಜ ಓಡಿ 27–24 ಮುಂದೆಯೂ ಹೋಯಿತು. ಮೇಸನ್ 37 ಗಜ ಓಡಿ 31–27 ಮಾಡಿದಾಗ ಒಂದು ನಿಮಿಷ ಹತ್ತೊಂಬತ್ತು ಸೆಕೆಂಡು ಉಳಿದಿತ್ತು. ಇಡೀ ವರ್ಷ ನಾವು ಬೇರೆಯವರಿಗೆ ಮಾಡಿದ್ದನ್ನು ಫ್ಲಾರಿಡಾದ ಕ್ವಾರ್ಟರ್‌ಬ್ಯಾಕ್ ಜೇಮಿಸ್ ವಿನ್‌ಸ್ಟನ್ ನಮಗೆ ಮಾಡಿದ. ಅವತ್ತು ಅವನ ಇಪ್ಪತ್ತನೇ ಹುಟ್ಟುಹಬ್ಬ. ಎಂಬತ್ತು ಗಜ ದಾಟಿ, ಹದಿಮೂರು ಸೆಕೆಂಡು ಇರುವಾಗ ಕೆಲ್ವಿನ್ ಬೆಂಜಮಿನ್‌ಗೆ ಎಸೆದ. 34–31.

ಆ ಕೊನೆಯ ದಾಳಿಯಲ್ಲಿ ರಶಾದ್ ಗ್ರೀನ್ 49 ಗಜ ಓಡಿದಾಗ ಹಿಡಿಯಲು ಹೋಗಿ ತಪ್ಪಿದವರಲ್ಲಿ ಒಬ್ಬ ಕ್ರಿಸ್ ಡೇವಿಸ್. ಆಮೇಲೆ ಗೆರೆಯ ಹತ್ತಿರ ಅದೇ ಗ್ರೀನ್‌ನನ್ನು ಚೆಂಡು ಬರುವ ಮುಂಚೆ ತಡೆದನೆಂದು ರೆಫರಿ ಬಾವುಟ ಎಸೆದದ್ದೂ ಡೇವಿಸ್ ಮೇಲೆ. ಚೆಂಡು ಎರಡು ಗಜದ ಗೆರೆಗೆ ಬಂತು, ಮುಂದಿನ ಎಸೆತಕ್ಕೆ ಪಂದ್ಯ ಮುಗಿಯಿತು. ಸೆಮಿಸ್ಟರ್ ಶುರುವಾದ ಮೇಲೆ ಲ್ಯಾಬ್‌ಮೇಟ್ ಅದು ಫೌಲೇ ಅಲ್ಲವೆಂದು ಸ್ಲೋಮೋಷನ್ ಹಾಕಿ ಹಾಕಿ ತೋರಿಸಿದ. ನನಗೆ ನೋಡಿದಷ್ಟು ಸಲವೂ ಅದು ಫೌಲೇ ಆಗಿ ಕಂಡಿತು, ಹಾಗೆಂದು ಹೇಳಿದೆ. ಅವನು ಎರಡು ದಿನ ನನ್ನೊಡನೆ ಮಾತು ಬಿಟ್ಟ. ಮೂರನೇ ದಿನ ಬಂದವನೇ ವೈಟ್‌ಬೋರ್ಡ್ ಒರೆಸಿ, ಮುಂದಿನ ವರ್ಷದ ತಂಡ ಬರೆಯತೊಡಗಿದ. ಮೇಸನ್ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ಗೆ ಹೊರಟಿದ್ದ. ಆ ಜಾಗಕ್ಕೆ ಯಾರನ್ನು ಹಾಕುವುದೆಂದು ಮಧ್ಯಾಹ್ನದವರೆಗೂ ಜಗಳವಾಡಿದೆವು.